ಹತ್ತು ಯೆನ್ ಪೆಟ್ಟಿಗೆಯ ಚಿತ್ರಶಾಲೆ

ಟೋಕಿಯೊದ ಅಕಿಹಬರಾ ನಿಲ್ದಾಣದಲ್ಲಿ 'ಎಲೆಕ್ಟ್ರಿಕ್ ಟೌನ್' ಎಂದು ಫಲಕ ಹಾಕಿರುವ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಮೊದಲು ಎದುರಾಗುವುದು ಸದ್ದು. ತಲೆಯ ಮೇಲಿನ ಸೇತುವೆಯಲ್ಲಿ ರೈಲು ಗುಡುಗುತ್ತದೆ. ಅಂಗಡಿಗಳ ಸ್ಪೀಕರುಗಳಿಂದ ಒಂದರ ಮೇಲೊಂದು ಹಾಡು ಬಂದು ಬೀಳುತ್ತದೆ. ಭಾನುವಾರ ಮಧ್ಯಾಹ್ನವಾದ್ದರಿಂದ ಚುವೊ-ದೋರಿ ಎಂಬ ಮುಖ್ಯರಸ್ತೆಗೆ ವಾಹನ ಬಿಟ್ಟಿಲ್ಲ. ರಸ್ತೆಯ ಅಗಲಕ್ಕೂ ಜನ ನಡೆಯುತ್ತಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಇಲ್ಲಿ ರೇಡಿಯೊ ಬಿಡಿಭಾಗಗಳ ಬೀದಿ ವ್ಯಾಪಾರ ನಡೆಯುತ್ತಿತ್ತು. ವಾಲ್ವು, ತಂತಿ, ಕಾಯಿಲ್ಲುಗಳನ್ನು ಹರವಿಕೊಂಡು ಕೂತಿದ್ದವರ ಜಾಗಕ್ಕೆ ಮುಂದೆ ಟಿ.ವಿ., ಫ್ರಿಜ್ಜು ಬಂದವು. ಆಮೇಲೆ ಕಂಪ್ಯೂಟರು, ವಿಡಿಯೊ ಗೇಮು, ಅನಿಮೆ ಬೊಂಬೆಗಳು. ಈಗ ಈ ಬೀದಿಯಲ್ಲಿ ಎತ್ತ ಕಣ್ಣು ಹಾಯಿಸಿದರೂ ಪೋಕೆಮಾನ್ ಕಾರ್ಡು. ಕಟ್ಟಡದ ನೆತ್ತಿಯ ಜಾಹೀರಾತಿನಲ್ಲಿ, ಮೆಟ್ಟಿಲಿನ ಗೋಡೆಯಲ್ಲಿ, ಲಿಫ್ಟಿನ ಬಾಗಿಲ ಮೇಲೆ ಹಳದಿ ಇಲಿ ಪಿಕಾಚುವೂ ಕಿತ್ತಳೆ ಬಣ್ಣದ ರೆಕ್ಕೆಯ ಚಾರಿಜಾರ್ಡೂ ಬಾಯ್ತೆರೆದು ನಿಂತಿವೆ.

ನನ್ನ ತಂಗಿಯ ಸಂಸಾರ ಇರುವುದು ನಿಶಿ-ಕಸಾಯ್‌ನಲ್ಲಿ. ಭಾರತದ ಐ.ಟಿ. ಕುಟುಂಬಗಳು ಒತ್ತಾಗಿ ನೆಲೆಸಿರುವ ಬಡಾವಣೆ ಅದು. ಅಲ್ಲಿಂದ ತೋಜಾಯ್ ಮಾರ್ಗದ ಮೆಟ್ರೊ ಹತ್ತಿ, ಕಯಾಬಾಚೊದಲ್ಲಿ ಇಳಿದು ಹಿಬಿಯಾ ಮಾರ್ಗ ಹಿಡಿದರೆ ಅಕಿಹಬರಾ. ದಾರಿ ತೋರಿಸಿದವಳು ತಂಗಿಯ ಮಗಳು. ಪ್ರಾಥಮಿಕ ಶಾಲೆಯ ಹುಡುಗಿ. ಬೆನ್ನಿಗೆ ಸಣ್ಣ ಚೀಲ, ಚೀಲದೊಳಗೆ ಅರವತ್ತು ಕಾರ್ಡುಗಳ ಒಂದು ಡೆಕ್ಕು, ಒಂದು ಬಟ್ಟೆಯ ಹಾಸು, ಪಾರದರ್ಶಕ ದಾಳಗಳ ಡಬ್ಬಿ. "ಮಾಮ, ಕೆಳಗಿನ ಮಹಡಿ ಬೇಡ, ಅಲ್ಲಿ ಬರೀ ನೋಡೋದು. ಮೇಲೆ ಹೋಗೋಣ ಬಾ, ಅಲ್ಲಿ ಆಡಬಹುದು" ಎಂದು ಕೈ ಹಿಡಿದು ಎಳೆದಳು. ಅವಳ ಅಪ್ಪ ನಗುತ್ತಾ ಹಿಂದೆ ಬಂದರು.

ಆದರೂ ಮೊದಲು ಕೆಳಗಿನ ಮಹಡಿಯನ್ನೇ ನೋಡಬೇಕು. ಈ ಲೋಕದ ಒಂದು ತುದಿ ಅಲ್ಲಿದೆ.

ನೆಲದಿಂದ ಚಾವಣಿಯವರೆಗೆ ಗಾಜಿನ ಕಪಾಟು. ಒಳಗೆ ಬಿಳಿ ದೀಪ. ಒಂದೊಂದು ಕಾರ್ಡಿಗೂ ಒಂದೊಂದು ಸ್ಟ್ಯಾಂಡು, ಕೆಳಗೆ ಬೆಲೆಚೀಟಿ. ಮೇಲಿನ ಸಾಲುಗಳಲ್ಲಿರುವವು ಬಿಡಿ ಕಾರ್ಡುಗಳಲ್ಲ. ಗಡಸು ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಶಾಶ್ವತವಾಗಿ ಮುಚ್ಚಿಟ್ಟವು. ಹೊದಿಕೆಯ ನೆತ್ತಿಯಲ್ಲಿ ಪಿ.ಎಸ್.ಎ. ಎಂಬ ಅಮೆರಿಕದ ಸಂಸ್ಥೆಯ ಚೀಟಿ, ಅದರ ಮೇಲೊಂದು ಅಂಕೆ. ಅಂಚು ಸವೆದಿದೆಯೇ, ಮೂಲೆ ಮಡಿಚಿದೆಯೇ, ಮೇಲ್ಮೈಯಲ್ಲಿ ಗೀರಿದೆಯೇ, ಚಿತ್ರ ಚೌಕಟ್ಟಿನ ನಡುಮಧ್ಯಕ್ಕೆ ಕೂತಿದೆಯೇ ಎಂದು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಬರಿಗಣ್ಣಿಗೆ ಕಾಣುವ ವ್ಯತ್ಯಾಸ ಹೆಚ್ಚೇನಿಲ್ಲ, ಬೆಲೆಯಲ್ಲಿ ಮಾತ್ರ ಹಲವು ಪಟ್ಟು. 1999ರಲ್ಲಿ ಅಮೆರಿಕದಲ್ಲಿ ಅಚ್ಚಾದ ಮೊದಲ ಆವೃತ್ತಿಯ ಚಾರಿಜಾರ್ಡಿಗೆ ಹತ್ತಕ್ಕೆ ಹತ್ತು ಸಿಕ್ಕಿದ್ದ ಒಂದು ಪ್ರತಿ 2022ರ ಹರಾಜಿನಲ್ಲಿ 4 ಲಕ್ಷ 20 ಸಾವಿರ ಡಾಲರಿಗೆ ಹೋಯಿತು. 'ಪಿಕಾಚು ಇಲಸ್ಟ್ರೇಟರ್' ಎಂಬ ಇನ್ನೊಂದು ಕಾರ್ಡನ್ನು ಅಮೆರಿಕದ ಯೂಟ್ಯೂಬ್ ತಾರೆ ಲೋಗನ್ ಪಾಲ್ 2021ರಲ್ಲಿ 52 ಲಕ್ಷ 75 ಸಾವಿರ ಡಾಲರ್ ತೆತ್ತು ಪಡೆದರು.

ಗಾಜಿನ ಮುಂದೆ ನಿಂತವರು ಹೆಚ್ಚು ಮಾತಾಡುವುದಿಲ್ಲ. ಫೋನಿನಲ್ಲಿ ಬೆಲೆ ಹೋಲಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಇನ್ನೊಂದು ಕಪಾಟಿಗೆ ಸರಿಯುತ್ತಾರೆ. ಸೂಟು ತೊಟ್ಟ ನಡುವಯಸ್ಸಿನವರೊಬ್ಬರು ಸಿಬ್ಬಂದಿಯನ್ನು ಕರೆದರು. ಆತ ಬೀಗ ತೆಗೆದು, ಕೈಗವಸು ಹಾಕಿಕೊಂಡು, ಕಪ್ಪು ತಟ್ಟೆಯ ಮೇಲೆ ಕಾರ್ಡನ್ನಿಟ್ಟು ತಂದರು. ಗ್ರಾಹಕರು ತಟ್ಟೆಯನ್ನು ದೀಪದ ಕೆಳಗೆ ಓರೆ ಮಾಡಿ ಬಹಳ ಹೊತ್ತು ಪರೀಕ್ಷಿಸಿದರು. ಅವರು ನೋಡುತ್ತಿದ್ದುದು ನಾಲ್ಕು ಮೂಲೆಗಳನ್ನು. ನಡುವಿನ ಚಿತ್ರದ ಮೇಲೆ ಅವರ ಕಣ್ಣು ನಿಲ್ಲಲಿಲ್ಲ.

ಎರಡು ಮಹಡಿ ಮೇಲಕ್ಕೆ ಹೋದರೆ ಲೋಕವೇ ಬೇರೆ. ಇಲ್ಲಿ ಗಾಜಿಲ್ಲ. ಉದ್ದನೆಯ ಮೇಜುಗಳ ಮೇಲೆ ಬಿಳಿ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ಕೂತಿವೆ. ಒಂದೊಂದರಲ್ಲೂ ನೂರಾರು ಕಾರ್ಡು ಒತ್ತೊತ್ತಾಗಿ ನಿಂತಿವೆ. ಅಲ್ಲಿನವರು ಇದನ್ನು 'ಸ್ಟೋರೇಜ್' ಎಂದು ಕರೆಯುತ್ತಾರೆ. ಪೆಟ್ಟಿಗೆಯ ಹಣೆಯ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿದೆ: ಒಂದಕ್ಕೆ 10 ಯೆನ್. ನಮ್ಮ ಲೆಕ್ಕದಲ್ಲಿ ಐದಾರು ರೂಪಾಯಿ. ಪ್ಯಾಕೆಟ್ ಒಡೆದವರು ಹೊಳೆಯುವುದನ್ನು ಇಟ್ಟುಕೊಂಡು ಉಳಿದದ್ದನ್ನು ಅಂಗಡಿಗೆ ಮಾರಿದಾಗ ಅವು ಬಂದು ಸೇರುವುದು ಇಲ್ಲಿಗೆ.

ಪೆಟ್ಟಿಗೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತವರಲ್ಲಿ ಎಲ್ಲ ವಯಸ್ಸಿನವರೂ ಇದ್ದರು. ಕಾಲೇಜು ಹುಡುಗರು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ, ನರೆತ ಕೂದಲಿನ ಹಿರಿಯರೊಬ್ಬರು. ಎಲ್ಲರ ಎರಡೂ ಹೆಬ್ಬೆರಳು ಒಂದೇ ಲಯದಲ್ಲಿ ಓಡುತ್ತಿದ್ದವು. ಕಾರ್ಡು ಹಿಂದಿನಿಂದ ಮುಂದಕ್ಕೆ ಬೀಳುತ್ತಾ ಹೋಗುತ್ತದೆ: ಟಪ್, ಟಪ್, ಟಪ್. ಬೆರಳು ಒಮ್ಮೆ ನಿಲ್ಲುತ್ತದೆ, ಒಂದು ಕಾರ್ಡು ಪಕ್ಕದ ತಟ್ಟೆಗೆ ಹೋಗುತ್ತದೆ, ಮತ್ತೆ ಟಪ್, ಟಪ್. ಅಕ್ಕಿಯಲ್ಲಿ ಕಲ್ಲು ಆರಿಸುವ ಅಜ್ಜಿಯ ಬೆರಳಿನ ಚುರುಕು ಅದು. ನಮ್ಮ ಹುಡುಗಿಯೂ ಜಾಗ ಹಿಡಿದು ಕೂತಳು.

"ಏನು ಹುಡುಕ್ತಾ ಇದ್ದೀಯ ಪುಟ್ಟಿ?"

"ಹೆಸರು."

"ಯಾರ ಹೆಸರು?"

"ಬರೆದೋರ ಹೆಸರು. ಇಲ್ನೋಡು ಮಾಮ, ಕೆಳಗೆ, ಎಡಗಡೆ." ಒಂದು ಕಾರ್ಡನ್ನು ನನ್ನ ಅಂಗೈಗೆ ಇಟ್ಟಳು.

ಅಗಲ 63 ಮಿಲಿಮೀಟರ್, ಎತ್ತರ 88. ಮೇಲ್ಗಡೆ ಎಡಕ್ಕೆ ಪ್ರಾಣಿಯ ಹೆಸರು, ಬಲಕ್ಕೆ ಅದರ ಪ್ರಾಣಶಕ್ತಿಯ ಅಂಕೆ. ಕೆಳಗಿನ ಅರ್ಧದಲ್ಲಿ ಅದು ಹೊಡೆಯುವ ಏಟು, ಆ ಏಟಿಗೆ ಬೇಕಾದ ಶಕ್ತಿ, ಯಾವ ಬಗೆಯ ಎದುರಾಳಿಗೆ ಅದು ಸೋಲುತ್ತದೆ, ಹಿಂದೆ ಸರಿಯಲು ಎಷ್ಟು ತೆರಬೇಕು ಎಂಬ ಲೆಕ್ಕ. ಇವೆಲ್ಲದರ ಮೇಲೆ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಚೌಕದಲ್ಲಿ ಒಂದು ಚಿತ್ರ. ನನ್ನ ಕೈಯಲ್ಲಿದ್ದುದು ಬಣ್ಣದಲ್ಲಿ ಬರೆದ ಚಿತ್ರವಲ್ಲ, ಫೋಟೊ. ಜೇಡಿಮಣ್ಣಿನಲ್ಲಿ ಮಾಡಿದ ಒಂದು ಪುಟ್ಟ ಪ್ರಾಣಿ ಹುಲ್ಲಿನ ನಡುವೆ ಕೂತಿದೆ. ಅದರ ಬೆನ್ನಿನ ಮೇಲೆ ನಿಜವಾದ ಬೆಳಕು ಬಿದ್ದಿದೆ, ಪಕ್ಕದಲ್ಲಿ ನಿಜವಾದ ನೆರಳು. ಎಡಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಕಲಾವಿದೆಯ ಹೆಸರು: ಯುಕಾ ಮೊರಿಯಿ. ಈಕೆ ತಮ್ಮ ಕಾರ್ಡುಗಳ ಪ್ರಾಣಿಗಳನ್ನು ಮಣ್ಣಿನಲ್ಲಿ ತಿದ್ದಿ, ಬಣ್ಣ ಹಚ್ಚಿ, ತಕ್ಕ ಜಾಗದಲ್ಲಿ ಕೂರಿಸಿ ಫೋಟೊ ತೆಗೆಯುತ್ತಾರೆ. ಒಂದೇ ಒಂದು ಕಾರ್ಡಿನ ಒಂದೇ ಒಂದು ಚೌಕಕ್ಕಾಗಿ ಇಷ್ಟೆಲ್ಲ. ಅದು ಇಲ್ಲಿ ಹತ್ತು ಯೆನ್‌ಗೆ ಸಿಗುತ್ತದೆ.

ಒಮ್ಮೆ ಆ ಮೂಲೆಯನ್ನು ನೋಡುವುದು ರೂಢಿಯಾದರೆ ಪೆಟ್ಟಿಗೆಯ ಸ್ವರೂಪವೇ ಬದಲಾಗುತ್ತದೆ. ಅಸಾಕೊ ಇತೊ ಎಂಬ ಹೆಸರಿದ್ದರೆ ಆ ಪ್ರಾಣಿ ಉಲ್ಲನ್ನಿನದು. ಕ್ರೋಶ ಕಡ್ಡಿಯಿಂದ ಹೆಣೆದ ಬೊಂಬೆಯ ಒಂದೊಂದು ಹೆಣಿಗೆಯೂ ಎದ್ದು ಕಾಣುತ್ತದೆ. ತೊಮೊಕಾಜು ಕೊಮಿಯಾ ಎಂದಿದ್ದರೆ ಗೆರೆಗಳು ಅಂಕೆ ಮೀರಿ ಓಡುತ್ತವೆ, ಕಣ್ಣು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಮಗುವೊಂದು ಮನಸ್ಸು ಬಿಚ್ಚಿ ಬರೆದ ಚಿತ್ರದ ಕಸುವು ಅದರಲ್ಲಿರುತ್ತದೆ. ಅತ್ಸುಕೊ ನಿಶಿದಾ ಎಂದಿದ್ದರೆ ಮೃದುವಾದ ಬಣ್ಣ, ತುಂಬು ಕೆನ್ನೆ. ಪಿಕಾಚುವಿನ ರೂಪವನ್ನು ಮೊದಲು ಕಲ್ಪಿಸಿದವರೇ ಈ ನಿಶಿದಾ. ಮಿತ್ಸುಹಿರೊ ಅರಿತಾ ಎಂದಿದ್ದರೆ ಚಿತ್ರದಲ್ಲಿ ಗಾಳಿ ಬೀಸುತ್ತಿರುತ್ತದೆ, ಮೋಡ ಓಡುತ್ತಿರುತ್ತದೆ, ಪ್ರಾಣಿಯ ಹಿಂದೆ ಒಂದು ಊರೋ ಕಾಡೋ ಇದ್ದೇ ಇರುತ್ತದೆ. 1996ರ ಮೊಟ್ಟಮೊದಲ ಕಂತಿನ ಚಾರಿಜಾರ್ಡನ್ನು ಬರೆದವರು ಅವರೇ. ಹರಾಜಿನಲ್ಲಿ ಲಕ್ಷಾಂತರ ಡಾಲರಿಗೆ ಹೋದ, ಅದೇ ಚಿತ್ರದ ಕಾರ್ಡಿನ ಮೂಲೆಯಲ್ಲೂ, ಈ ಪೆಟ್ಟಿಗೆಯ ಹತ್ತು ಯೆನ್ ಕಾರ್ಡಿನ ಮೂಲೆಯಲ್ಲೂ ಒಂದೇ ಹೆಸರು ಅಚ್ಚಾಗಿದೆ. ಕೈ ಒಂದೇ, ಶ್ರದ್ಧೆ ಒಂದೇ. ಎಷ್ಟು ಪ್ರತಿ ಸಿಗುತ್ತವೆ ಎಂಬುದಷ್ಟೇ ಬೇರೆ.

ಸೋವಿ ಕಾಗದದ ಮೇಲೆ ವಿಚಿತ್ರ ಜೀವಿಗಳನ್ನು ಅಚ್ಚು ಹಾಕಿ ಮಕ್ಕಳ ಕೈಗೆ ಕೊಡುವುದು ಜಪಾನಿಗೆ ಹೊಸದಲ್ಲ. 1776ರಲ್ಲಿ ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ ಯೋಕಾಯ್‌ಗಳನ್ನು, ಎಂದರೆ ಜನಪದದ ಭೂತಪ್ರೇತ ಮಾಯಾಜೀವಿಗಳನ್ನು, ಪುಟಕ್ಕೊಂದರಂತೆ ಬರೆದು ಹೆಸರಿಟ್ಟು ಮರದಚ್ಚಿನ ಪುಸ್ತಕ ತಂದ. ಅದೇ ಜೀವಿಗಳು ಮುಂದೆ 'ಒಬಾಕೆ ಕರುತಾ' ಎಂಬ ಎಲೆಗಳ ಮೇಲೇರಿದವು. ಒಬ್ಬರು ಸುಳಿವು ಓದಿದರೆ, ಹರವಿಟ್ಟ ಎಲೆಗಳಲ್ಲಿ ಆ ಭೂತದ ಚಿತ್ರವನ್ನು ಮೊದಲು ಹಿಡಿದವರಿಗೆ ಅದು ಸಿಗುತ್ತಿತ್ತು. 'ಮೆಂಕೊ' ಎಂಬ ದಪ್ಪ ರಟ್ಟಿನ ಬಿಲ್ಲೆಗಳನ್ನು ನೆಲಕ್ಕೆ ಅಪ್ಪಳಿಸಿ ಎದುರಾಳಿಯ ಬಿಲ್ಲೆಯನ್ನು ಮಗುಚಿ ಗೆಲ್ಲುವ ಆಟ ಬೀದಿಬೀದಿಯಲ್ಲಿತ್ತು. 1889ರಲ್ಲಿ ಕ್ಯೋಟೊದಲ್ಲಿ ಹುಟ್ಟಿದ ನಿಂಟೆಂಡೊ ಕಂಪನಿ ಮೊದಲು ಮಾಡುತ್ತಿದ್ದುದೂ ಹೂವಿನ ಚಿತ್ರದ ಆಟದೆಲೆಗಳನ್ನೇ, 'ಹನಾಫುದಾ' ಎಂಬುವನ್ನು. ಸಂಗ್ರಹಿಸು, ಎದುರು ಕೂರು, ಗೆಲ್ಲು, ಸೋಲು, ಬದಲಾಯಿಸಿಕೋ. ಈ ನಡಾವಳಿ ನೂರಾರು ವರ್ಷ ಹಳೆಯದು.

ಇದಕ್ಕೆ ಒಬ್ಬ ಹುಡುಗನ ಹುಳುಗಳ ಹುಚ್ಚು ಬಂದು ಕೂಡಿಕೊಂಡಿತು. ಟೋಕಿಯೊದ ಅಂಚಿನ ಮಾಚಿದಾದಲ್ಲಿ ಬೆಳೆದ ಸತೊಶಿ ತಾಜಿರಿ ಚಿಕ್ಕಂದಿನಲ್ಲಿ ಕೆರೆಯಂಚು, ಪೊದೆಗಳಲ್ಲಿ ಹುಳು ಹಿಡಿಯುತ್ತಾ ಅಲೆದವರು. ಊರು ಬೆಳೆದು ಗದ್ದೆ, ಕೆರೆಗಳು ಕಾಣೆಯಾದವು. ಹುಳು ಹಿಡಿಯುವ ಆ ಸಂತೋಷವನ್ನು ಮುಂದಿನ ಮಕ್ಕಳಿಗೆ ಉಳಿಸಬೇಕೆಂದು ಅವರು ಕಟ್ಟಿದ ವಿಡಿಯೊ ಗೇಮ್ 'ಪಾಕೆಟ್ ಮಾನ್ಸ್ಟರ್ಸ್', ಚಿಕ್ಕದಾಗಿ ಪೋಕೆಮಾನ್. 1996ರ ಫೆಬ್ರುವರಿಯಲ್ಲಿ ಅದು ಕೆಂಪು, ಹಸಿರು ಎಂಬ ಎರಡು ಆವೃತ್ತಿಗಳಲ್ಲಿ ಬಂತು. ಒಂದರಲ್ಲಿ ಸಿಗುವ ಕೆಲವು ಜೀವಿಗಳು ಇನ್ನೊಂದರಲ್ಲಿ ಸಿಗವು. ಎಲ್ಲವೂ ಬೇಕೆಂದರೆ ಗೆಳೆಯನ ಯಂತ್ರಕ್ಕೆ ತಂತಿ ಜೋಡಿಸಿ ಬದಲಾಯಿಸಿಕೊಳ್ಳಲೇಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ಡುಗಳು ಬಂದವು. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ರೂಪಿಸಿದ 'ಮ್ಯಾಜಿಕ್: ದಿ ಗ್ಯಾದರಿಂಗ್' ಆಗಲೇ ಇಂಥ ಆಟಕ್ಕೆ ದಾರಿ ತೋರಿತ್ತು. ತ್ಸುನೆಕಾಜು ಇಶಿಹರಾ ಮತ್ತು ಅವರ ಜೊತೆಗಾರರು ಆ ಬಗೆಯ ಆಟವನ್ನು ಮಕ್ಕಳಿಗೆ ನಿಲುಕುವಂತೆ ಕಟ್ಟಿದರು. 1999ರ ಜನವರಿಯಲ್ಲಿ ಇಂಗ್ಲಿಷಿನ 102 ಕಾರ್ಡುಗಳ ಮೊದಲ ಕಂತು ಅಮೆರಿಕ ತಲುಪಿತು. ಆ ವರ್ಷವೇ ಅಲ್ಲಿನ ಎಷ್ಟೋ ಶಾಲೆಗಳು ಆವರಣಕ್ಕೆ ಕಾರ್ಡು ತರಬೇಡಿ ಎಂದು ಆದೇಶ ಹೊರಡಿಸಬೇಕಾಯಿತು. 2025ರ ಮಾರ್ಚ್ ವೇಳೆಗೆ ಜಗತ್ತಿನಲ್ಲಿ ಅಚ್ಚಾದ ಪೋಕೆಮಾನ್ ಕಾರ್ಡುಗಳ ಸಂಖ್ಯೆ 7,500 ಕೋಟಿ ದಾಟಿತ್ತು.

"ಮಾಮ, ಮೇಜು ಸಿಕ್ತು!" ಹುಡುಗಿ ಕೂಗಿದಳು.

ಮಹಡಿಯ ಒಳಭಾಗ 'ಡ್ಯುಯೆಲ್ ಸ್ಪೇಸ್'. ಎದುರುಬದುರು ಕುರ್ಚಿ ಹಾಕಿದ ಕಿರಿದಾದ ಮೇಜುಗಳು. ಗ್ರಾಹಕರು ತಮ್ಮತಮ್ಮಲ್ಲಿ ಕಾರ್ಡು ಮಾರುವುದು, ಬದಲಾಯಿಸುವುದು ಬೇಡ ಎಂದು ಗೋಡೆಯ ಮೇಲೆ ಸೂಚನೆ. ಎದುರಿಗೆ ಕೂತ ಹುಡುಗನಿಗೂ ಇವಳಿಗೂ ಪರಿಚಯವಿಲ್ಲ. ಇಬ್ಬರೂ ತಲೆ ಬಾಗಿಸಿ "ಯೊರೊಶಿಕು ಒನೆಗಾಯ್‌ಶಿಮಾಸ್" ಎಂದು ವಂದಿಸಿದರು. ತಮ್ಮ ಡೆಕ್ಕನ್ನು ಕಲಸಿ ಎದುರಿನವರ ಮುಂದಿಟ್ಟರು. ಎದುರಿನವರು ಅದನ್ನು ಮತ್ತೊಮ್ಮೆ ಕತ್ತರಿಸಿ ಹಿಂದಿರುಗಿಸಿದರು. ಕಲ್ಲು, ಕತ್ತರಿ, ಕಾಗದ ಆಡಿ ಯಾರು ಮೊದಲು ಎಂದು ತೀರ್ಮಾನಿಸಿದರು. ಏಳೇಳು ಕಾರ್ಡು ಕೈಗೆ. ಆರಾರು ಕಾರ್ಡು ಬೋರಲಾಗಿ ಪಕ್ಕಕ್ಕೆ: ಅವು ಬಹುಮಾನದ ಕಾರ್ಡುಗಳು. ಎದುರಾಳಿಯ ಒಂದು ಪ್ರಾಣಿಯನ್ನು ಉರುಳಿಸಿದರೆ ಅದರಿಂದ ಒಂದನ್ನು ಎತ್ತಿಕೊಳ್ಳಬಹುದು, ಬಲಿಷ್ಠ 'ಇಎಕ್ಸ್' ಪ್ರಾಣಿಯಾದರೆ ಎರಡನ್ನು. ಆರೂ ಕೈಗೆ ಬಂದವರು ಗೆದ್ದಂತೆ.

ಮುಂಚೂಣಿಯಲ್ಲಿ ಒಂದು ಪ್ರಾಣಿ, ಹಿಂದಿನ ಬೆಂಚಿನಲ್ಲಿ ಹೆಚ್ಚೆಂದರೆ ಐದು. ಒಂದು ಸರದಿಗೆ ಕೈಯಿಂದ ಹಾಕಬಹುದಾದ ಶಕ್ತಿಯ ಕಾರ್ಡು ಒಂದೇ. ಆಟದ ಬಿಗಿ ಇರುವುದು ಈ ಒಂದು ಕಟ್ಟಳೆಯಲ್ಲಿ. ದೊಡ್ಡ ಏಟು ಕೊಡಬೇಕೆಂದರೆ ಕಾಯಬೇಕು. ಕಾಯುವಷ್ಟು ಹೊತ್ತು ಮುಂದೆ ನಿಂತ ಸಣ್ಣದು ಪೆಟ್ಟು ತಿನ್ನಬೇಕು. ಯಾರನ್ನು ಮುಂದೆ ನಿಲ್ಲಿಸಬೇಕು, ಯಾರನ್ನು ಹಿಂದೆ ಬೆಳೆಸಬೇಕು ಎಂಬುದನ್ನು ಪ್ರತಿ ಸರದಿಯಲ್ಲೂ ಹೊಸದಾಗಿ ಯೋಚಿಸಬೇಕು.

ನಮ್ಮ ಹುಡುಗಿಯದು ಚಾರಿಜಾರ್ಡ್ ಇಎಕ್ಸ್ ಡೆಕ್ಕು. ಅವಳ ಬಾಯಲ್ಲಿ ಅದರ ಜಪಾನಿ ಹೆಸರು: ರಿಜಾದೊನ್. ಹುಡುಗನದು ಡ್ರ್ಯಾಗಪಲ್ಟ್ ಇಎಕ್ಸ್, ಪ್ರೇತರೂಪದ ಡ್ರ್ಯಾಗನ್. ಒಂದೇ ಹೊಡೆತಕ್ಕೆ 200 ಏಟು, ಅದರ ಮೇಲೆ ಹಿಂದಿನ ಬೆಂಚಿನಲ್ಲಿ ಕೂತವರಿಗೂ ಅರವತ್ತರಷ್ಟನ್ನು ಹಂಚಿ ಹಾಕಬಲ್ಲದು. ಆದರೆ ಅದು ನೇರವಾಗಿ ಬರುವುದಿಲ್ಲ. ಡ್ರೀಪಿ ಎಂಬ ಮರಿಯಿಂದ ಶುರುವಾಗಿ ಡ್ರಾಕ್ಲೋಕ್ ಆಗಿ, ಆಮೇಲೆ ಡ್ರ್ಯಾಗಪಲ್ಟ್ ಆಗಬೇಕು. ಚಾರಿಜಾರ್ಡಿನ ದಾರಿಯೂ ಅಷ್ಟೇ ಉದ್ದ. ಅದರ ಮೊದಲ ಮೆಟ್ಟಿಲು ಚಾರ್‌ಮ್ಯಾಂಡರ್: ಬಾಲದ ತುದಿಯಲ್ಲಿ ಕಿಡಿ ಹೊತ್ತ ಪುಟ್ಟ ಹಲ್ಲಿ. ಸಾಮಾನ್ಯ ವರ್ಗದ ಕಾರ್ಡು, ಪೆಟ್ಟಿಗೆಯಲ್ಲಿ ಹತ್ತು ಯೆನ್‌ಗೆ ಬೇಕಾದಷ್ಟು ಸಿಗುತ್ತದೆ.

ಆಟದ ಮೊದಮೊದಲಿಗೇ ಹುಡುಗಿ ತನ್ನ ಒಂದು ಚಾರ್‌ಮ್ಯಾಂಡರನ್ನು ಮುಂದೆ ತಳ್ಳಿದಳು. ಎದುರಿಗೆ ಇನ್ನೂ ಅರೆ ಬೆಳೆದ ಡ್ರಾಕ್ಲೋಕ್. ಇವಳ ಏಟು 30. ಹುಡುಗ ಮೂರು ಚುಕ್ಕೆ ತೋರಿಸುವ ದಾಳವನ್ನು ಡ್ರಾಕ್ಲೋಕ್ ಮೇಲಿಟ್ಟ. ಮುಂದಿನ ಸರದಿಯಲ್ಲಿ ಡ್ರಾಕ್ಲೋಕ್ ಡ್ರ್ಯಾಗಪಲ್ಟ್ ಆಗಿ ಬೆಳೆದು ಚಾರ್‌ಮ್ಯಾಂಡರನ್ನು ಹೊಸಕಿ ಹಾಕಿತು. ಬೆಳೆದರೂ ಹಳೆಯ ಗಾಯ ಹೋಗುವುದಿಲ್ಲ ಎಂಬುದು ಈ ಆಟದ ನಿಯಮ. ಮೂರು ಚುಕ್ಕೆಯ ದಾಳ ಹೊಸ ಕಾರ್ಡಿನ ಮೇಲೇರಿ ಕೂತಿತು. ಆ ಡ್ರ್ಯಾಗಪಲ್ಟನ್ನು ಹುಡುಗ ಬೇಗನೆ ಹಿಂದಕ್ಕೆ ಸರಿಸಿ ಬೇರೆಯದನ್ನು ಮುಂದೆ ತಂದ.

ಆಟ ಸಾಗಿತು. ಇವಳದೊಂದು ಉರುಳಿದರೆ ಅವನದೊಂದು. ಕೊನೆಗೆ ಇಬ್ಬರ ಪಕ್ಕದಲ್ಲೂ ಎರಡೆರಡೇ ಬಹುಮಾನದ ಕಾರ್ಡು ಉಳಿದವು. ಹುಡುಗ ಮತ್ತೆ ಅದೇ ಗಾಯಗೊಂಡ ಡ್ರ್ಯಾಗಪಲ್ಟನ್ನು ಮುಂದೆ ನಿಲ್ಲಿಸಿದ್ದ. ಅದರ ಪ್ರಾಣಶಕ್ತಿ 320. ಹುಡುಗಿ ಬೆಂಚಿನಲ್ಲಿ ಕಾಯುತ್ತಿದ್ದ ಇನ್ನೊಂದು ಚಾರ್‌ಮ್ಯಾಂಡರಿಗೆ ನಡುವಿನ ಹಂತ ಹಾರಿಸುವ ಮಿಠಾಯಿಯ ಕಾರ್ಡು ಹಾಕಿ ನೇರವಾಗಿ ಚಾರಿಜಾರ್ಡ್ ಮಾಡಿ ಮುಂದೆ ತಂದಳು. ಹಾಗೆ ಬೆಳೆದ ಕ್ಷಣದಲ್ಲಿ ಡೆಕ್ಕಿನಿಂದ ಮೂರು ಬೆಂಕಿಯ ಶಕ್ತಿ ತೆಗೆದುಕೊಳ್ಳುವ ವರ ಅದಕ್ಕುಂಟು. ಅದರ ಏಟಿನ ಲೆಕ್ಕವೂ ವಿಶೇಷ: ಮೂಲ ಬಲ 180, ಎದುರಾಳಿ ಈವರೆಗೆ ಎತ್ತಿಕೊಂಡ ಪ್ರತಿ ಬಹುಮಾನಕ್ಕೂ ಇನ್ನು 30. ಹೊಡೆಸಿಕೊಂಡಷ್ಟೂ ಬಲ ಏರುತ್ತದೆ. ಹುಡುಗ ನಾಲ್ಕು ಎತ್ತಿದ್ದ. ನೂರಾ ಎಂಬತ್ತಕ್ಕೆ ನೂರಾ ಇಪ್ಪತ್ತು ಸೇರಿ 300.

ಮುನ್ನೂರು ಸಾಲದು, ಇಪ್ಪತ್ತು ಕಡಿಮೆ. ಭಾವ ನನ್ನ ಕಡೆ ನೋಡಿದರು. ಹುಡುಗಿ ಬೆರಳನ್ನು ಡ್ರ್ಯಾಗಪಲ್ಟ್ ಮೇಲಿದ್ದ ಮೂರು ಚುಕ್ಕೆಯ ದಾಳದತ್ತ ತೋರಿಸಿದಳು. ಹುಡುಗ ದಾಳವನ್ನು ದಿಟ್ಟಿಸಿದ, ತುಟಿಯಲ್ಲೇ ಎಣಿಸಿದ, "ಆಹ್!" ಎಂದು ಹಣೆ ಮುಟ್ಟಿಕೊಂಡು ನಕ್ಕ. 320ರಲ್ಲಿ ಉಳಿದಿದ್ದುದು 290. ಹುಡುಗಿ ಕೊನೆಯ ಎರಡು ಕಾರ್ಡು ಎತ್ತಿಕೊಂಡಳು. ಇಬ್ಬರೂ ಮತ್ತೆ ತಲೆ ಬಾಗಿಸಿ "ಅರಿಗಾತೊ ಗೊಜಾಯ್‌ಮಾಶಿತಾ" ಎಂದು ಧನ್ಯವಾದ ಹೇಳಿದರು. ಅವನು ತನ್ನ ಡೆಕ್ಕನ್ನು ಬಿಚ್ಚಿ ತೋರಿಸಿ ಏನೋ ಕೇಳಿದ, ಇವಳು ಏನೋ ಸಲಹೆ ಕೊಟ್ಟಳು. ಆಟಕ್ಕಿಂತ ದೀರ್ಘವಾಗಿ ಆ ಮಾತುಕತೆ ನಡೆಯಿತು. 2023ರಲ್ಲಿ ಯೊಕೊಹಾಮಾದಲ್ಲಿ, ಜಪಾನಿನ ನೆಲದಲ್ಲಿ ಮೊದಲ ಬಾರಿಗೆ, ಪೋಕೆಮಾನ್ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಭಾಷೆಯೇ ಬೇರೆಯಾದ ದೇಶಗಳ ಮಕ್ಕಳೂ ಹಿರಿಯರೂ ಹೀಗೇ ಎದುರುಬದುರು ಕೂತಿದ್ದರು.

ನಮ್ಮ ಹುಡುಗಿಯ ಪಂದ್ಯವನ್ನು ಗೆಲ್ಲಿಸಿದ್ದು ಒಂದು ಹತ್ತು ಯೆನ್ ಕಾರ್ಡು. ಮೊದಲ ಸುತ್ತುಗಳಲ್ಲೇ ಸತ್ತ ಚಾರ್‌ಮ್ಯಾಂಡರ್ ಕೊಟ್ಟು ಹೋದ ಮೂವತ್ತು ಏಟು ಇರದಿದ್ದರೆ ಚಾರಿಜಾರ್ಡಿನ ಬೆಂಕಿ ಸಾಲುತ್ತಿರಲಿಲ್ಲ. ಗಾಜಿನ ಕಪಾಟಿನ ಲೆಕ್ಕದಲ್ಲಿ ಸಣ್ಣದಕ್ಕೆ ಜಾಗವಿಲ್ಲ. ಮೇಜಿನ ಲೆಕ್ಕದಲ್ಲಿ ಸಣ್ಣದಿಲ್ಲದೆ ದೊಡ್ಡದು ಹುಟ್ಟುವುದೇ ಇಲ್ಲ. ಈ ಆಟವನ್ನು ಕಟ್ಟಿದವರು ಹುಳು ಮರಿಯಾಗಿ, ಗೂಡಾಗಿ, ಚಿಟ್ಟೆಯಾಗುವುದನ್ನು ಬಲ್ಲವರು. ಅವರ ಜೀವಿಗಳಲ್ಲಿ ಅತ್ಯಂತ ಕೈಲಾಗದ್ದು ಮ್ಯಾಜಿಕಾರ್ಪ್ ಎಂಬ ಕೆಂಪು ಮೀನು. ಮೊದಲ ಕಂತಿನಲ್ಲಿ ಅದರ ಪ್ರಾಣಶಕ್ತಿ 30, ಏಟು 10. ಅದೇ ಬೆಳೆದರೆ ಗ್ಯಾರಡೋಸ್ ಎಂಬ ಭೀಕರ ಸರ್ಪ. ಪ್ರವಾಹಕ್ಕೆದುರಾಗಿ ಈಜಿ ಜಲಪಾತ ಹತ್ತಿದ ಮೀನು ಡ್ರ್ಯಾಗನ್ ಆಗುತ್ತದೆ ಎಂಬ ಪೂರ್ವ ಏಷ್ಯಾದ ಹಳೆಯ ಕಥೆ ಇದರ ಬೆನ್ನಿಗಿದೆ. 2023ರಲ್ಲಿ ಶಿಂಜಿ ಕಾಂದಾ ಎಂಬ ಕಲಾವಿದ ಇದೇ ಬಡ ಮೀನನ್ನು ಉಕ್ಕುವ ನೀರಿನ ನಡುವೆ ಚಿಮ್ಮುವಂತೆ ಎಷ್ಟು ವೈಭವದಿಂದ ಬರೆದರೆಂದರೆ ಆ ಕಾರ್ಡು ಸಂಗ್ರಹಕಾರರ ಅಚ್ಚುಮೆಚ್ಚಾಯಿತು.

ಇಷ್ಟು ಚೆಲುವಾದ ವಸ್ತುವಿನ ಸುತ್ತ ದುಡ್ಡಿನ ನೂಕುನುಗ್ಗಲು ಬೆಳೆದಿರುವುದು ನೋವಿನ ಸಂಗತಿ. 2025ರಲ್ಲಿ ಜಪಾನಿನಲ್ಲಿ ಐದು ಕಾರ್ಡಿನ ಒಂದು ಪ್ಯಾಕೆಟ್ಟಿಗೆ 180 ಯೆನ್ ಎಂದು ಬೆಲೆ ಕಟ್ಟಿದ್ದರು. ಮಕ್ಕಳ ಕೈಖರ್ಚಿಗೆ ಎಟುಕಲಿ ಎಂದೇ. ಹೊಸ ಕಂತು ಬಂದ ದಿನ ಆ ಬೆಲೆಗೆ ಕೊಳ್ಳಬೇಕೆಂದರೆ ಎಷ್ಟೋ ಕಡೆ ಚೀಟಿ ಎತ್ತುವ ಸರದಿಯಲ್ಲಿ ಹೆಸರು ಬರೆಸಬೇಕು. ಮರುಮಾರಾಟಗಾರರು ಡಬ್ಬಗಟ್ಟಲೆ ಎತ್ತಿಕೊಂಡು ಹೋಗಿ ಮೂರು ನಾಲ್ಕು ಪಟ್ಟಿಗೆ ಮಾರುತ್ತಾರೆ. 2023ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಮಕ್ಕಳನ್ನು ವರ್ಣಚಿತ್ರಗಳತ್ತ ಸೆಳೆಯಲು ಪಿಕಾಚುವಿಗೆ ವ್ಯಾನ್ ಗೋನ ಬೂದು ಟೋಪಿ ತೊಡಿಸಿದ ಕಾರ್ಡೊಂದನ್ನು ಉಚಿತವಾಗಿ ಕೊಡಹೊರಟಿತು. ಮೊದಲ ದಿನವೇ ಅಲ್ಲಿನ ಅಂಗಡಿಗೆ ಜನ ಮುಗಿಬಿದ್ದರು. ಸುರಕ್ಷತೆಯ ಕಾರಣಕ್ಕೆ ಮ್ಯೂಸಿಯಂ ಕೆಲವೇ ವಾರಗಳಲ್ಲಿ ಕಾರ್ಡು ಕೊಡುವುದನ್ನು ನಿಲ್ಲಿಸಿತು. 2025ರ ಆಗಸ್ಟಿನಲ್ಲಿ ಜಪಾನಿನ ಮೆಕ್‌ಡೊನಾಲ್ಡ್ಸ್ ಮಕ್ಕಳ ಊಟದ ಜೊತೆ ಪೋಕೆಮಾನ್ ಕಾರ್ಡು ಕೊಟ್ಟಾಗ ದೊಡ್ಡವರು ರಾಶಿ ಊಟ ಕೊಂಡು, ಕಾರ್ಡು ಎತ್ತಿಕೊಂಡು, ತಿನಿಸನ್ನು ಬೀದಿಯಲ್ಲಿ ಬಿಟ್ಟು ಹೋದರು. ಕಂಪನಿ ಕ್ಷಮೆ ಕೇಳಿತು. ಅನ್ನ ಚೆಲ್ಲುವುದನ್ನು ಪಾಪವೆಂದು ಕಲಿತು ಬೆಳೆದ ನಮಗೆ ಆ ಫೋಟೊಗಳನ್ನು ನೋಡಲಾಗುವುದಿಲ್ಲ.

ದುಡ್ಡಿನ ಹಿಂದೆ ಬಿದ್ದವರು ದುಬಾರಿ ಕಾರ್ಡಿನ ಹುಟ್ಟನ್ನಾದರೂ ತಿಳಿಯಬೇಕು. ಲೋಗನ್ ಪಾಲ್ ಕೊಂಡ ಆ 'ಪಿಕಾಚು ಇಲಸ್ಟ್ರೇಟರ್' ಯಾವ ಪ್ಯಾಕೆಟ್ಟಿನಲ್ಲೂ ಮಾರಾಟಕ್ಕಿರಲಿಲ್ಲ. 1997–98ರಲ್ಲಿ 'ಕೊರೊಕೊರೊ' ಎಂಬ ಮಕ್ಕಳ ಕಾಮಿಕ್ಸ್ ಪತ್ರಿಕೆ ಚಿತ್ರ ಬರೆಯುವ ಸ್ಪರ್ಧೆಗಳನ್ನು ನಡೆಸಿತು. ಗೆದ್ದವರಿಗೆ ಬಹುಮಾನವಾಗಿ ಕೊಟ್ಟದ್ದು ಆ ಕಾರ್ಡು. ಅದರ ಮೇಲೆ ನಿಶಿದಾ ಬರೆದ ಪಿಕಾಚು ಕುಂಚ ಹಿಡಿದು ನಿಂತಿದೆ. ಜಗತ್ತಿನ ಅತಿ ದುಬಾರಿ ಕಾರ್ಡುಗಳಲ್ಲಿ ಒಂದಾದ ಅದು ಮೂಲದಲ್ಲಿ ಚಿತ್ರ ಬರೆದವರಿಗೆ ಸಂದ ಗೌರವ. ಬೆಲೆ ಆಮೇಲೆ ಬಂದು ಅಂಟಿಕೊಂಡದ್ದು.

ಸಂಜೆ ನಿಶಿ-ಕಸಾಯ್‌ನ ಮನೆಯಲ್ಲಿ, ತಂಗಿ ಮಾಡಿದ ಅವಲಕ್ಕಿ ತಿನ್ನುತ್ತಾ, ಹುಡುಗಿ ತನ್ನ ಫೈಲು ಬಿಚ್ಚಿದಳು. ಪುಟಕ್ಕೆ ಒಂಬತ್ತು ಕಿಸೆ. ಹೆಚ್ಚಿನ ಸಂಗ್ರಹಕಾರರು ಸಂಖ್ಯೆಯ ಪ್ರಕಾರವೋ ಅಪರೂಪದ ಪ್ರಕಾರವೋ ಜೋಡಿಸುತ್ತಾರೆ. ಇವಳು ಜೋಡಿಸಿದ್ದು ಕಲಾವಿದರ ಪ್ರಕಾರ. ಒಂದು ಪುಟ ಪೂರಾ ಮಣ್ಣಿನ ಜೀವಿಗಳು, ಇನ್ನೊಂದು ಉಲ್ಲನ್ನಿನವು, ಮತ್ತೊಂದರಲ್ಲಿ ಅರಿತಾರ ಮೋಡಗಳು. ಮೈಸೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಕೊಡಲು ಬೇರೆಯಾಗಿ ತೆಗೆದಿಟ್ಟ ಇಪ್ಪತ್ತು ಕಾರ್ಡು ಒಂದು ಲಕೋಟೆಯಲ್ಲಿತ್ತು. "ಅವನ ಹತ್ರ ಇರೋದು ಚಿನ್ನದ ಬಣ್ಣದ ಪ್ಲಾಸ್ಟಿಕ್ ಡೂಪ್ಲಿಕೇಟು ಮಾಮ. ಫ್ಯಾನ್ಸಿ ಸ್ಟೋರ್‌ನಲ್ಲಿ ಕೊಡಿಸಿದ್ದು. ಅದರಲ್ಲಿ ಆಡಕ್ಕಾಗಲ್ಲ. ಇವನ್ನ ಕೊಟ್ಟು, ನೀನೇ ಅವನಿಗೆ ಆಟ ಹೇಳ್ಕೊಡು" ಎಂದಳು. ನಿಯಮಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ, ದುಂಡು ದುಂಡಾದ ಕನ್ನಡದಲ್ಲಿ ಅವಳೇ ಬರೆದಿದ್ದಳು.

ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಈ ಕಾರ್ಡುಗಳಿಗಾಗಿ ಹಟ ಹಿಡಿಯುವ ಮಕ್ಕಳಿದ್ದಾರೆ. ಇದೇನು ಹುಚ್ಚು, ದುಡ್ಡು ಹಾಳು ಎಂದು ಬೈಯುವ ಅಪ್ಪ ಅಮ್ಮಂದಿರೂ ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಮಗು ಕಾರ್ಡು ತಂದು ತೋರಿಸಿದಾಗ ಇದಕ್ಕೆಷ್ಟು ಎಂದು ಕೇಳಬೇಡಿ. ಕೇಳಿದರೆ ಮಗು ಬೆಲೆಯನ್ನೇ ನೋಡಲು ಕಲಿಯುತ್ತದೆ. ಬರೆದವರು ಯಾರು ಎಂದು ಕೇಳಿ, ಎಡಮೂಲೆಯ ಆ ಸಣ್ಣ ಅಕ್ಷರಗಳನ್ನು ಜೊತೆಗೂಡಿ ಓದಿ. ಈ ಪ್ರಾಣಿ ಎಲ್ಲಿದೆ, ಯಾವ ಹೊತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಕೇಳಿ. ಮಗು ಹೇಳುತ್ತದೆ, ನಿಮಗೆ ಕಾಣದ್ದನ್ನೂ ತೋರಿಸುತ್ತದೆ. ಆಮೇಲೆ ಎದುರು ಕೂತು ಒಂದು ಆಟ ಆಡಿ. ಗೆಲ್ಲುವ ದೊಡ್ಡ ಕಾರ್ಡಿಗೆ ಮೊದಲು ನೆಲ ಹದ ಮಾಡಿಕೊಡುವ ಚಿಕ್ಕ ಕಾರ್ಡುಗಳನ್ನು ಹೇಗೆ ಜೋಪಾನ ಮಾಡಬೇಕೆಂದು ಆ ಮಗುವೇ ನಿಮಗೆ ಕಲಿಸಿಕೊಡುತ್ತದೆ.